ಹಳೇ ಮಂಚದ ಕ್ರ್ಯಾಶ್ ಗಾರ್ಡ್

“ಸುಳ್ಳು! ಹಸೀ ಸುಳ್ಳು!”

ಕಡ್ಡಿ ಊಟದ ಡಬ್ಬಿಯ ಮುಚ್ಚಳವನ್ನು ಬೆಂಚಿನ ಮೇಲೆ ಕುಕ್ಕಿದಳು. ಸದ್ದಿಗೆ ಅರ್ಧ ಕ್ಲಾಸು ತಿರುಗಿ ನೋಡಿತು.

“ನನ್ನ ಮೇಲೆ ಯಾಕೇ ಹಾರಾಡ್ತೀಯ? ಕೇಳಿಸಿಕೊಂಡಿದ್ದು ಹೇಳ್ದೆ ಅಷ್ಟೆ,” ಎಂದಳು ಪಕ್ಕದಲ್ಲಿ ಕೂತಿದ್ದ ರೇಡಿಯೋ. ಶಾಲೆಯ ಸುದ್ದಿಯೆಲ್ಲ ಮೊದಲು ಮುಟ್ಟುವುದು ಅವಳ ಕಿವಿಗೆ. ಅವಳ ನಿಜವಾದ ಹೆಸರು ಹಾಜರಿ ಕೂಗುವಾಗ ಮಾತ್ರ ಎಲ್ಲರಿಗೂ ನೆನಪಾಗುತ್ತಿತ್ತು.

“ಇನ್ನೊಂದ್ಸಲ ಹೇಳು. ಒಂದಕ್ಷರ ಬಿಡಬೇಡ.”

ರೇಡಿಯೋ ಗಂಟಲು ಸರಿಮಾಡಿಕೊಂಡಳು. “ಸ್ಟಾಫ್ ರೂಮಿಗೆ ಚಾಕ್‌ಪೀಸ್ ತರೋಕೆ ಹೋಗಿದ್ನಾ, ಲೆಕ್ಕದ ಮಿಸ್ ಮೊಣಕೈಗೆ ಬ್ಯಾಂಡೇಜ್ ಹಾಕ್ಕೊಂಡು ಕೂತಿದ್ರು. ಏನಾಯ್ತು ಏನಾಯ್ತು ಅಂತ ಎಲ್ಲ ಟೀಚರ್ಸೂ ಕೇಳಿದ್ರು. ಅದಕ್ಕೆ ಮಿಸ್ಸು, ‘ಆ ಬೈಕಿಗೆ ಮನೇಲೇ ಏನೋ ಕಬ್ಬಿಣ ಮಾಡಿ ತಗುಲಿಸಿದ್ದಾರೆ. ಬ್ರೇಕ್ ಒತ್ತೋಕೆ ಹೋದ್ರೆ ಕಾಲು ಅದಕ್ಕೇ ಸಿಕ್ಕಿಹಾಕಿಕೊಳ್ತು, ಬಿದ್ದುಬಿಟ್ಟೆ’ ಅಂದ್ರು. ಡ್ರಾಯಿಂಗ್ ಮಿಸ್ಸು, ‘ಅಯ್ಯಪ್ಪಾ, ನಾನೂ ಸೇರಬೇಕು ಅಂತಿದ್ದೆ, ಸದ್ಯ ಬಚಾವಾದೆ’ ಅಂದ್ರು.”

ಕಡ್ಡಿಯ ಕಿವಿಗಳು ಬಿಸಿಯಾದವು. ತೆಳ್ಳಗಿದ್ದಾಳೆ ಎಂದು ಅವಳಿಗೆ ಆ ಹೆಸರು ಬಂದಿತ್ತು. ತಟ್ಟನೆ ಹೊತ್ತಿಕೊಳ್ಳುತ್ತಾಳೆ ಎಂದು ಅದು ಉಳಿದುಕೊಂಡಿತ್ತು.

ಏನೋ ಕಬ್ಬಿಣವಂತೆ. ಏನೋ ಕಬ್ಬಿಣ!

ಅದನ್ನು ಮಾಡಲು ಅವಳೂ ಅಮ್ಮನೂ ಪಟ್ಟ ಪಾಡು ಇವರಿಗೇನು ಗೊತ್ತು?

ಅಮ್ಮ ಹಗಲು ಬೈಕಿನಲ್ಲಿ ಅಂಗಡಿಗಳಿಗೆ ಬ್ರೆಡ್ಡು ಮುಟ್ಟಿಸುತ್ತಿದ್ದಳು. ಸಂಜೆ ಅದೇ ಬೈಕಿನಲ್ಲಿ, ಮುಚ್ಚಿಹೋದ ಕಾರ್ಖಾನೆಯ ಹಿಂದಿನ ಬಯಲಿನಲ್ಲಿ, ಹೆಂಗಸರಿಗೆ ಓಡಿಸುವುದನ್ನು ಕಲಿಸುತ್ತಿದ್ದಳು. ಕಲಿಯುವವರ ಬೈಕು ಅಂದ ಮೇಲೆ ಬೀಳುವುದೇ ಅದರ ಕಸುಬು. ಅಂಗಡಿಯಿಂದ ತಂದು ಹಾಕಿಸಿದ್ದ ಕ್ರ್ಯಾಶ್ ಗಾರ್ಡು ಮೊದಲ ವಾರವೇ ಮೂತಿ ಸೊಟ್ಟ ಮಾಡಿಕೊಂಡಿತು. ಎರಡನೆಯದು ಎಂಜಿನ್ನಿಗೆ ಒತ್ತಿಕೊಂಡು ಕೂತಿತು. ಆಗಲೇ ಅಮ್ಮನ ಕಣ್ಣು ಅಟ್ಟದ ಮೇಲೆ ಕಾಲು ಮುರಿದು ಬಿದ್ದಿದ್ದ ಕಬ್ಬಿಣದ ಮಂಚದ ಮೇಲೆ ಬಿದ್ದದ್ದು.

“ನೋಡೇ, ಎಂಥ ಗಟ್ಟಿ ಪೈಪು! ಮೂರು ತಲೆಮಾರು ಹೊತ್ತಿದೆ ಇದು. ಒಂದು ಬೈಕು ಹೊರಲ್ವಾ?”

ಮೊದಲು ರಟ್ಟಿನಲ್ಲಿ ಗಾರ್ಡಿನ ಆಕಾರ ಕತ್ತರಿಸಿ, ಬೈಕಿನ ಎರಡೂ ಪಕ್ಕಕ್ಕೆ ಹಿಡಿದು ನೋಡಿದರು. ಆಮೇಲೆ ಗರಗಸ. ಪೈಪಿನ ಒಂದು ತುದಿಯ ಮೇಲೆ ಕಡ್ಡಿ ಕುದುರೆ ಹತ್ತಿದ ಹಾಗೆ ಕೂರುವುದು, ಇನ್ನೊಂದು ತುದಿಯನ್ನು ಅಮ್ಮ ಕೊಯ್ಯುವುದು. ಅಮ್ಮನ ಕೈ ಸೋತಾಗ ಅದಲುಬದಲು. ಕಡ್ಡಿಯ ಅಂಗೈಯಲ್ಲಿ ಬೊಬ್ಬೆ ಎದ್ದು, ಒಡೆದು, ಒಣಗಿತು.

ಬಗ್ಗಿಸುವುದಕ್ಕೆ ಹೋದದ್ದು ಗೇಟಣ್ಣನ ಶೆಡ್ಡಿಗೆ. ಗೇಟಣ್ಣ ಗೇಟು, ಕಿಟಕಿ ಸರಳು ಮಾಡುವ ವೆಲ್ಡರ್. ಅವನ ಹತ್ತಿರ ಕುಲುಮೆ ಇತ್ತು.

“ಖಾಲಿ ಪೈಪು ಬಗ್ಗಿಸಿದ್ರೆ ಮಡಚಿಕೊಂಡುಬಿಡುತ್ತೆ,” ಎಂದು ಅಮ್ಮ ಹೇಳಿದಳು. “ಒಳಗೆ ಮರಳು ಗಟ್ಟಿಯಾಗಿ ತುಂಬಿ, ಎರಡೂ ಕಡೆ ಮರದ ಬಿರಡೆ ಬಡಿದು, ಕಾಯಿಸಿ ಬಗ್ಗಿಸಬೇಕು. ಕಡ್ಡೀ, ಹಿಂದುಗಡೆ ರಾಶಿ ಇದೆ, ಒಳ್ಳೇ ಕ್ಲೀನ್ ಮರಳು ತಗೊಂಬಾ.”

ಕ್ಲೀನ್ ಎಂದಳಲ್ಲ. ಕಡ್ಡಿ ಬಕೆಟಿನಲ್ಲಿ ಮರಳು ತುಂಬಿ, ಕಸಕಡ್ಡಿ ಆರಿಸಿ, ನಲ್ಲಿಯ ಕೆಳಗೆ ಇಟ್ಟು ಚೆನ್ನಾಗಿ ತೊಳೆದಳು. ನೀರು ಬಸಿದು, ಬಕೆಟು ತುಂಬಲೆಂದು ಮೇಲೊಂದಷ್ಟು ಒಣ ಮರಳು ಹರಡಿ ತಂದುಕೊಟ್ಟಳು. ಬೆಳಕು ಕಡಿಮೆಯಿದ್ದ ಶೆಡ್ಡಿನಲ್ಲಿ ಒಳಗಿನ ತೇವ ಯಾರ ಗಮನಕ್ಕೂ ಬರಲಿಲ್ಲ. ಪೈಪು ಕುಲುಮೆಯಲ್ಲಿ ಕೆಂಪಾಗತೊಡಗಿತ್ತು, ಅಷ್ಟರಲ್ಲಿ ಢಂ! ಒಂದು ಕಡೆಯ ಬಿರಡೆ ಫಿರಂಗಿ ಗುಂಡಿನ ಹಾಗೆ ಹಾರಿ, ಗೋಡೆಗೆ ಒರಗಿಸಿದ್ದ ಗೇಟಿಗೆ ಹೊಡೆದು, ಗೇಟಣ್ಣನ ಟೀ ಲೋಟವನ್ನು ಪುಡಿಮಾಡಿತು. ಹಿಂದೆಯೇ ಉಗಿ ಭುಸ್ಸೆಂದಿತು.

ಅಮ್ಮ ಕಡ್ಡಿಯನ್ನು ಎಳೆದು ಬೆನ್ನ ಹಿಂದೆ ಹಾಕಿಕೊಂಡಿದ್ದಳು.

“ಮರಳು ತೊಳೆದ್ಯಾ?” ಎಂದು ಅಮ್ಮ ಕೇಳಿದಳು.

“ಕ್ಲೀನ್ ಅಂದ್ಯಲ್ಲ…”

“ಒಳಗಿನ ನೀರು ಕುದ್ದು ಉಗಿಯಾದ್ರೆ ಎಲ್ಲಿಗೆ ಹೋಗಬೇಕೇ? ಯಾರ ಮುಖಕ್ಕಾದ್ರೂ ಹೊಡೆದಿದ್ರೆ? ನಂದೇ ತಪ್ಪು, ಮುಟ್ಟಿ ನೋಡಬೇಕಿತ್ತು. ಬೆಂಕಿ ಹತ್ತಿರ ನೀನು ಇನ್ನು ಬರಕೂಡದು.”

“ತೋಪು ಹಾರಿಸೋಕೂ ಬರುತ್ತೆ ಅನ್ನಿ ಅಕ್ಕಾ ನಿಮ್ಮ ಮಗಳಿಗೆ,” ಎಂದು ಗೇಟಣ್ಣ ಗಾಜು ಗುಡಿಸತೊಡಗಿದ.

ಆಮೇಲೆ ಒಣ ಮರಳನ್ನು ಬಾಣಲೆಯಲ್ಲಿ ಹುರಿದೇ ತುಂಬಿದರು. ಪೈಪು ಮಡಚಿಕೊಳ್ಳದೆ, ಬಿಲ್ಲಿನ ಹಾಗೆ ಬಾಗಿತು. ಕಡ್ಡಿ ಬಾಗಿಲ ಹೊರಗೆ ನಿಂತೇ ನೋಡಿದಳು. ಗೇಟಣ್ಣ ಅಡ್ಡಪಟ್ಟಿ ಬೆಸೆದ. ಗಾರ್ಡನ್ನು ಬೈಕಿಗೆ ಬೆಸೆಯಲು ಅಮ್ಮ ಬಿಡಲಿಲ್ಲ, ಬೋಲ್ಟಿನಲ್ಲೇ ಕೂರಿಸಿದಳು. ಬಿದ್ದು ಸೊಟ್ಟಗಾದರೆ ಬಿಚ್ಚಿ ನೆಟ್ಟಗೆ ಮಾಡಬೇಕಲ್ಲ. ಬ್ರೇಕಿನ ಪಕ್ಕ ಜಾಗ ಸಾಕಾ ಎಂದು ಗೇಟಣ್ಣನ ದೋಣಿಯಂಥ ಬೂಟು ಹಾಕಿಕೊಂಡು ಕಡ್ಡಿಯೇ ಪರೀಕ್ಷೆ ಮಾಡಿದ್ದಳು. ಅಂಥ ಬೂಟೇ ಆರಾಮಾಗಿ ಆಡುತ್ತಿತ್ತು. ಕೊನೆಗೆ, ಯಾವುದೋ ಗೇಟಿಗೆ ಬಳಿದು ಉಳಿದ ಹಸಿರು ಬಣ್ಣ.

ಅಂಥ ಗಾರ್ಡಿಗೆ ಮಿಸ್ಸಿನ ಚಪ್ಪಲಿ ಕಾಲು ಸಿಕ್ಕಿಹಾಕಿಕೊಂಡಿತಂತೆ!

ಕಲಿಯಲು ಬಯಲಿಗೆ ಬರುತ್ತಿದ್ದ ಮಿಸ್ ಬಿದ್ದದ್ದನ್ನು ಕಡ್ಡಿ ಕಣ್ಣಾರೆ ಕಂಡಿದ್ದಳು. “ಕ್ಲಚ್ ನಿಧಾನ… ನಿಧಾನ… ಮುಂದೆ ನೋಡಿ, ಚಕ್ರ ನೋಡಬೇಡಿ,” ಎಂದು ಅಮ್ಮ ಹೇಳುತ್ತಲೇ ಇದ್ದಳು. ಮಿಸ್ ಚಕ್ರವನ್ನೇ ನೋಡಿದರು. ಕ್ಲಚ್ಚನ್ನು ಬಿಸಿ ಪಾತ್ರೆ ಬಿಟ್ಟ ಹಾಗೆ ಬಿಟ್ಟರು. ಬೈಕು ಮೇಕೆಯ ಹಾಗೆ ನೆಗೆದು ಎಡಕ್ಕೆ ಉರುಳಿತು. ಗಾರ್ಡು ನೆಲಕ್ಕೆ ಊರಿ ಅಷ್ಟೂ ಭಾರ ಹೊತ್ತಿದ್ದರಿಂದ ಮಿಸ್ಸಿನ ಕಾಲು ಬೈಕಿನಡಿ ಜಜ್ಜಿಹೋಗದೆ ಉಳಿಯಿತು. ಮೊಣಕೈ ಮಾತ್ರ ತರಚಿತು. ಗಾರ್ಡು ಇಲ್ಲದಿದ್ದರೆ ಬ್ಯಾಂಡೇಜು ಎಲ್ಲಿಂದ ಎಲ್ಲಿಯವರೆಗೆ ಇರುತ್ತಿತ್ತೋ!

ಕಾಪಾಡಿದವನನ್ನೇ ಕಳ್ಳ ಅಂದ ಹಾಗಾಯಿತು. ಅದೂ ಯಾರು? ಲೆಕ್ಕ ತಪ್ಪಾದರೆ ಎದ್ದು ನಿಂತು, “ತಪ್ಪು ನನ್ನದು, ಇಂಥಲ್ಲಿ ತಪ್ಪಿದೆ” ಎಂದು ಇಡೀ ಕ್ಲಾಸಿನ ಮುಂದೆ ಹೇಳಿಸುವ ಮಿಸ್ಸು!

ಆ ಸಂಜೆ ಬಯಲಿಗೆ ಬಂದದ್ದು ಟೈಲರಕ್ಕ ಒಬ್ಬಳೇ. ಬಟ್ಟೆ ಹೊಲಿಯುವ ಟೈಲರಕ್ಕ ಅಮ್ಮನ ಮೊದಲ ಶಿಷ್ಯೆ. ಆರು ಜನ ಬರುವ ಕಡೆ ಅವಳೊಬ್ಬಳು ಹೆಲ್ಮೆಟ್ಟು ಕಂಕುಳಲ್ಲಿ ಇಟ್ಟುಕೊಂಡು ನಿಂತಿದ್ದಳು.

“ಊರೆಲ್ಲ ಅದೇ ಮಾತು,” ಎಂದಳು. “ಮನೇಲಿ ಮಾಡಿದ ಗಾರ್ಡು ಕಾಲು ಹಿಡಿಯುತ್ತಂತೆ, ಹುಷಾರು ಅಂತ ನನಗೇ ಬುದ್ಧಿ ಹೇಳ್ತಾರೆ.”

ಅಮ್ಮ ಗಾರ್ಡಿನ ಎಡ ಮೂಲೆಯಲ್ಲಿ ಕಿತ್ತುಬಂದ ಬಣ್ಣವನ್ನು ಉಜ್ಜುಕಾಗದದಿಂದ ಉಜ್ಜುತ್ತಿದ್ದಳು. ಅಲ್ಲಿ ಉಜ್ಜುವುದಕ್ಕೆ ಏನೂ ಉಳಿದಿರಲಿಲ್ಲ. ಆದರೂ ಉಜ್ಜುತ್ತಿದ್ದಳು.

“ಅಮ್ಮಾ, ಹೋಗಿ ಹೇಳು ಎಲ್ಲರಿಗೂ!”

“ಏನಂತ? ಮನೆಮನೆ ಬಾಗಿಲು ತಟ್ಟಿ, ‘ಟೀಚರ್ ಸುಳ್ಳು ಹೇಳಿದ್ರು’ ಅನ್ನಲಾ?”

“ಅನ್ನು! ಹೇಳಿದ್ರಲ್ಲ!”

ಉಜ್ಜುವ ಸದ್ದು ಜೋರಾಯಿತು.

ಮಾರನೆಯ ದಿನ ಲೆಕ್ಕದ ಪೀರಿಯಡ್ಡಿನಲ್ಲಿ ಮಿಸ್ ಕಡ್ಡಿಯನ್ನೇ ಬೋರ್ಡಿಗೆ ಕರೆದರು. ಭಾಗಾಕಾರ. ಕಡ್ಡಿಯ ತಲೆಯಲ್ಲಿ ಹೊಗೆ ತುಂಬಿತ್ತು. ಅಂಕಿಗಳು ಎಲ್ಲೆಲ್ಲೋ ಹೋಗಿ ಕೂತವು.

“ತಪ್ಪು,” ಎಂದರು ಮಿಸ್. “ಎಲ್ಲಿ ತಪ್ಪಾಯ್ತು? ಯಾರದು ತಪ್ಪು? ಹೇಳು.”

ಕಡ್ಡಿ ಕೈಯಲ್ಲಿದ್ದ ಚಾಕ್‌ಪೀಸನ್ನು ಎತ್ತಿ ತೋರಿಸಿದಳು.

“ಚಾಕ್‌ಪೀಸ್‌ದು ತಪ್ಪು ಮಿಸ್. ಕೈಗೆ ಸಿಕ್ಕಿಹಾಕಿಕೊಳ್ತು.”

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ರೇಡಿಯೋ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಈಗ ಬೀಳುತ್ತದೆ ಬೈಗುಳ ಎಂದು ಕಡ್ಡಿ ಕಾದಳು. ಅದಕ್ಕೆ ಎದುರುತ್ತರವೂ ನಾಲಿಗೆಯ ತುದಿಯಲ್ಲಿ ತಯಾರಿತ್ತು.

ಮಿಸ್ಸಿನ ಮುಖ ಕೆಂಪಾಯಿತು. ಆಮೇಲೆ ಆ ಕೆಂಪು ಇಳಿದುಹೋಯಿತು. “ಹೋಗಿ ಕೂತ್ಕೋ,” ಎಂದರು. ಅಷ್ಟೆ.

ಬೈದಿದ್ದರೇ ಚೆನ್ನಾಗಿತ್ತು. ತಯಾರಿದ್ದ ಉತ್ತರ ಕಡ್ಡಿಯ ಬಾಯೊಳಗೇ ಉಳಿದು ಕಹಿಯಾಯಿತು.

ಸಂಜೆ ಬಯಲಿನಲ್ಲಿ ಒಂದು ಸ್ಕೂಟರು ಬಂದು ನಿಂತಿತು. ಓಡಿಸುತ್ತಿದ್ದವನು ಮಿಸ್ಸಿನ ಗಂಡ. ಹಿಂದೆ ಮಿಸ್. ಅವನು ಬೆರಳಿನಲ್ಲಿ ಕೀ ಗಿರಗಿರ ತಿರುಗಿಸುತ್ತಾ, ನಗುತ್ತಾ ಬಂದ. ಮಿಸ್ ನಗುತ್ತಿರಲಿಲ್ಲ.

“ಇದೇನಾ ಆ ಘನಂದಾರಿ ಕಬ್ಬಿಣ?” ಎಂದು ಗಾರ್ಡಿಗೆ ಬೂಟಿನ ತುದಿಯಿಂದ ತಟ್ಟಿದ.

ಕಡ್ಡಿಗೆ ಅಲ್ಲಿಗೇ ಮೈಯೆಲ್ಲ ಉರಿಯಿತು.

“ನಾನು ಜಗಳಕ್ಕೆ ಬಂದಿಲ್ಲಮ್ಮಾ,” ಎಂದು ಅವನು ಅಮ್ಮನಿಗೆ ಹೇಳಿದ. “ಒಂದು ವಿಷಯ ಇತ್ಯರ್ಥ ಆಗಲಿ ಅಂತ. ಇವಳು ಕಲೀತೀನಿ ಅಂದಾಗಲೇ ಹೇಳಿದ್ದೆ, ನಿನ್ನ ಕೈಲಿ ಆಗೋದಲ್ಲ, ಸ್ಕೂಲಿಗೆ ನಾನೇ ಬಿಡ್ತೀನಿ, ನಾನೇ ಕರ್ಕೊಂಡು ಬರ್ತೀನಿ, ಸುಮ್ನಿರು ಅಂತ. ಕೇಳಲಿಲ್ಲ. ಬಿದ್ಲು. ಈಗ ಗಾರ್ಡ್‌ದು ತಪ್ಪು ಅಂತಾಳೆ. ಸರಿ, ಗಾರ್ಡ್‌ದೇ ತಪ್ಪಿದ್ರೆ ರಿಪೇರಿ ಮಾಡಿಸಿ, ಕಲೀಲಿ. ನಾನೇನು ಬೇಡ ಅನ್ನಲ್ಲ. ನಾನು ಅಂಥವನಲ್ಲ.”

“ಕಲಿಯೋವಾಗ ಎಲ್ಲರೂ ಬೀಳ್ತಾರೆ ಸಾರ್,” ಎಂದಳು ಅಮ್ಮ. “ಅದರಲ್ಲಿ ಇತ್ಯರ್ಥ ಮಾಡೋದೇನಿದೆ?”

“ಅದೆಲ್ಲ ಬೇಡ. ಹೌದು, ಇಲ್ಲ, ಅಷ್ಟೆ.” ಅವನು ಸುತ್ತ ನೋಡಿದ. ಕಣ್ಣು ಕಡ್ಡಿಯ ಮೇಲೆ ನಿಂತಿತು. “ಹಾಂ, ನೀನು ಹೇಳು ಮರಿ. ನೀನು ಇಲ್ಲೇ ಇದ್ದೆಯಂತೆ. ಮಿಸ್ಸು ಬಿದ್ದಿದ್ದು ಯಾಕೆ?”

“ಕಡ್ಡೀ,” ಎಂದಳು ಅಮ್ಮ ಮೆಲ್ಲಗೆ.

ಹೇಳು ಅನ್ನುತ್ತಿದ್ದಾಳೆ ಎಂದು ಕಡ್ಡಿ ತಿಳಿದಳು. ಎರಡು ದಿನದಿಂದ ಒಳಗೇ ಕುದಿಯುತ್ತಿದ್ದದ್ದು ಒಮ್ಮೆಲೇ ಉಕ್ಕಿತು.

“ಅಂಕಲ್, ನೀವೇ ಬೈಕ್ ಮೇಲೆ ಕೂತ್ಕೊಳ್ಳಿ. ಬ್ರೇಕ್ ಮೇಲೆ ಕಾಲಿಡಿ. ಇಟ್ರಾ? ಈಗ ಮುಂದಕ್ಕೆ ಆಡಿಸಿ. ಹಿಂದಕ್ಕೆ ಆಡಿಸಿ. ಸಿಕ್ಕಿಕೊಳ್ತಾ?”

“ಇಲ್ವಲ್ಲ.”

“ನಿಮ್ಮ ಶೂನೇ ಸಿಕ್ಕಲ್ಲ. ಮಿಸ್ಸಿನ ಚಪ್ಪಲಿ ಹೇಗೆ ಸಿಗುತ್ತೆ? ಬ್ರೇಕ್ ಇರೋದು ಬಲಗಡೆ, ಮಿಸ್ ಬಿದ್ದಿದ್ದು ಎಡಗಡೆಗೆ. ಬಣ್ಣ ಕಿತ್ತಿರೋದೂ ಎಡಗಡೆನೇ, ಬೇಕಾದ್ರೆ ನೋಡಿ. ಮಿಸ್ ಕ್ಲಚ್ಚನ್ನ ಪಟ್ ಅಂತ ಬಿಟ್ರು. ಚಕ್ರ ನೋಡಬೇಡಿ ಅಂದ್ರೂ ಚಕ್ರಾನೇ ನೋಡಿದ್ರು. ಗಾರ್ಡ್ ಇರೋದಕ್ಕೇ ಕಾಲು ಉಳೀತು!”

ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಈಗ ಅಂಕಲ್ ಅಮ್ಮನಿಗೆ ಸಾರಿ ಅನ್ನುತ್ತಾರೆ, ಮಿಸ್ಸಿಗೂ ಅನ್ನಿಸುತ್ತಾರೆ ಎಂದು ಕಾದಳು.

ಅಂಕಲ್ ಗಹಗಹಿಸಿ ನಕ್ಕ.

“ಸಿಕ್ಕಿಬಿದ್ಯಲ್ಲೇ ಟೀಚರಮ್ಮಾ! ನಾನೇನು ಹೇಳಿದ್ದೆ? ಹಾಂ? ಏನು ಹೇಳಿದ್ದೆ?” ಬೈಕಿನಿಂದ ಇಳಿದು ಕೈ ಒರೆಸಿಕೊಂಡ. “ಕ್ಲಚ್ ಬಿಡೋಕೆ ಬರಲ್ಲ, ಕಬ್ಬಿಣದ ಮೇಲೆ ಹೇಳ್ತಾಳೆ! ಸರಿ ಬಿಡು, ಒಳ್ಳೇದೇ ಆಯ್ತು. ಇನ್ಮೇಲೆ ಬೈಕು ಗೀಕು ಅಂತ ಬಾಯಿ ಬಿಡೋ ಹಾಗಿಲ್ಲ. ನಡಿ ಮನೆಗೆ.”

ಹೋಗುವ ಮುಂಚೆ ಅವನು ಜೇಬಿನಿಂದ ಒಂದು ಚಾಕೊಲೇಟು ತೆಗೆದ. “ಜಾಣೆ ಕಣಮ್ಮಾ ನೀನು. ತಗೋ.”

ಕಡ್ಡಿ ಕೈ ಚಾಚಲಿಲ್ಲ. ಅವನು ಅದನ್ನು ಬೈಕಿನ ಸೀಟಿನ ಮೇಲೆ ಇಟ್ಟು ಹೋದ.

ಮಿಸ್ ಕಡ್ಡಿಯತ್ತ ಒಂದು ಸಲ ನೋಡಿದರು. ಸಿಟ್ಟಿನಿಂದಲ್ಲ. ಸಿಟ್ಟಾಗಿದ್ದರೆ ಕಡ್ಡಿಗೆ ಅದನ್ನು ತಡೆದುಕೊಳ್ಳುವುದು ಗೊತ್ತಿತ್ತು. ಆಮೇಲೆ ಅವರು ಸ್ಕೂಟರಿನ ಹಿಂದೆ ಹತ್ತಿ, ಬ್ಯಾಂಡೇಜಿನ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಕೂತರು. ಸ್ಕೂಟರು ಕಾರ್ಖಾನೆಯ ಗೋಡೆ ತಿರುಗಿ ಮರೆಯಾಯಿತು. ಅವನ ನಗು ಮಾತ್ರ ಇನ್ನೂ ಸ್ವಲ್ಪ ಹೊತ್ತು ಕೇಳಿಸಿತು.

“ಪಾಪ, ಹೊಸಬರು,” ಎಂದಳು ಟೈಲರಕ್ಕ. ಅಷ್ಟು ಹೊತ್ತೂ ಅವಳು ದೂರದಲ್ಲೇ ನಿಂತಿದ್ದಳು. “ನಾಯಿ ಅಂದಿದ್ರೆ ಆಗ್ತಿತ್ತು.”

“ಯಾವ ನಾಯಿ?” ಎಂದಳು ಕಡ್ಡಿ.

“ನಾನು ಬಿದ್ದಾಗ ನಾಯಿ ಅಡ್ಡ ಬಂತು ಅಂದಿದ್ದೆ ಮನೇಲಿ.”

“ಈ ಬಯಲಲ್ಲಿ ನಾಯೀನೇ ಇಲ್ಲ!”

“ಅದೇ ಮತ್ತೆ! ನಾಯಿಯಾದ್ರೆ ಬಂದು ಜಗಳ ಆಡಲ್ಲ. ಇಲ್ಲಿ ಬಿದ್ದ ದಿನ ಎಲ್ಲರೂ ಮನೆಗೆ ಏನಾದ್ರೂ ಒಂದು ನೆಪ ಕಟ್ಟಿಕೊಂಡು ಹೋಗ್ತಾರೆ ಕಣೇ. ಒಬ್ಬಳು ಎಣ್ಣೆ ಚೆಲ್ಲಿತ್ತು ಅಂದ್ಲು. ಇನ್ನೊಬ್ಬಳು ಗಾಳಿ ಅಂದ್ಲು. ಗಾಳಿಯಂತೆ!” ಟೈಲರಕ್ಕ ನಗಲು ಹೋದಳು, ಆದರೆ ನಗು ಪೂರ್ತಿ ಬರಲಿಲ್ಲ.

“ಬಿದ್ದೆ ಅಂತಾನೇ ಯಾಕೆ ಹೇಳಬಾರದು?”

“ನೀನು ಸೈಕಲ್ಲಿಂದ ಬಿದ್ರೆ ನಿಮ್ಮಮ್ಮ ಏನಂತಾಳೆ? ‘ಎದ್ದೇಳು’ ಅಂತಾಳೆ. ನಮಗೆ ‘ಸಾಕು, ಇಳಿ’ ಅಂತಾರೆ.”

ಕಡ್ಡಿ ಒಂದು ಕಲ್ಲನ್ನು ಕಾಲಿನಿಂದ ಒದ್ದಳು. ಅದು ಗೋಡೆಗೆ ಬಡಿದು ಬಿತ್ತು. “ಹಾಗಂತ ನಮ್ಮ ಗಾರ್ಡ್ ಮೇಲೆ ಹೇಳಬಾರದಿತ್ತು!”

“ಹೇಳಬಾರದಿತ್ತು,” ಎಂದಳು ಅಮ್ಮ. “ನನಗೂ ಸಿಟ್ಟಿದೆ. ನಿನಗಿಂತ ಜಾಸ್ತೀನೇ ಇದೆ.”

“ಮತ್ತೆ ಯಾಕೆ ಸುಮ್ಮನೆ ನಿಂತಿದ್ದೆ?”

ಅಮ್ಮ ಸೀಟಿನ ಮೇಲಿದ್ದ ಚಾಕೊಲೇಟನ್ನು ನೋಡುತ್ತಿದ್ದಳು. “ಸಿಟ್ಟಿದೆ ಅಂತ ಹೋಗಿ ಆ ಮನುಷ್ಯನ ನಗುವಿನ ಪಕ್ಕ ನಿಂತ್ಕೊಳ್ಳೋಕಾಗುತ್ತಾ?”

“ನಾನು ಹೇಳಿದ್ದು ನಿಜ ತಾನೇ?”

“ನಿಜಾನೇ.”

“ಒಂದಕ್ಷರ ತಪ್ಪಿಲ್ಲ ತಾನೇ?”

“ಇಲ್ಲ,” ಎಂದಳು ಅಮ್ಮ. ಕಡ್ಡಿಯನ್ನು ಹತ್ತಿರ ಎಳೆದುಕೊಂಡು ಅವಳ ಕೂದಲಿನ ಧೂಳು ಕೊಡವಿದಳು. ಬೈಯಲಿಲ್ಲ. ಹೊಗಳಲೂ ಇಲ್ಲ.

ಮರುದಿನ ರೇಡಿಯೋ ಓಡಿಬಂದಳು. ಅವಳಿಗೆ ಉಸಿರೇ ನಿಲ್ಲುತ್ತಿರಲಿಲ್ಲ.

“ಗೊತ್ತೇನೇ? ಲೆಕ್ಕದ ಮಿಸ್ಸು ಸ್ಟಾಫ್ ರೂಮಲ್ಲಿ ಎಲ್ಲರ ಮುಂದೇನೇ ಹೇಳಿದ್ರು! ಗಾರ್ಡ್‌ದು ತಪ್ಪಿಲ್ಲ, ತಪ್ಪು ನನ್ನದೇ, ಕ್ಲಚ್ ಬಿಡುವಲ್ಲಿ ತಪ್ಪಿದೆ ಅಂತ. ಎದ್ದು ನಿಂತುಕೊಂಡು ಹೇಳಿದ್ರು, ನಾವು ಕ್ಲಾಸಲ್ಲಿ ಹೇಳೋ ಹಾಗೇನೇ! ಡ್ರಾಯಿಂಗ್ ಮಿಸ್ಸು ನಿಮ್ಮ ಮನೆ ಅಡ್ರೆಸ್ ಕೇಳ್ತಿದ್ರು. ನೀನು ಗೆದ್ದೆ ಬಿಡು!”

ಗೆದ್ದಿದ್ದಳು. ಆ ವಾರದೊಳಗೆ ಬಿಟ್ಟುಹೋದವರೆಲ್ಲ ಬಯಲಿಗೆ ವಾಪಸು ಬಂದರು. ಡ್ರಾಯಿಂಗ್ ಮಿಸ್ಸೂ ಬಂದು ಸೇರಿದರು. ಮೊದಲ ದಿನವೇ ಬಿದ್ದರು. ಹಸಿರು ಗಾರ್ಡಿನ ಬಲ ಮೂಲೆಯ ಬಣ್ಣವೂ ಕಿತ್ತಿತು. ಕಡ್ಡಿ ಹಿಂದಿನಂತೆಯೇ ಬೈಕಿನ ಪಕ್ಕ ಓಡುತ್ತಾ, “ಚಕ್ರ ನೋಡಬೇಡಿ! ಮುಂದೆ! ಮುಂದೆ!” ಎಂದು ಕೂಗಿದಳು.

ಲೆಕ್ಕದ ಮಿಸ್ ಮಾತ್ರ ಬರಲಿಲ್ಲ.

ಸಂಜೆ ಗಂಟೆ ಹೊಡೆದ ಮೇಲೆ ಅವರು ಶಾಲೆಯ ಗೇಟಿನ ಬಳಿ ನಿಂತಿರುತ್ತಿದ್ದರು. ಕೈಯಲ್ಲಿ ಚೀಲ, ಚೀಲದ ತುಂಬ ತಿದ್ದಬೇಕಾದ ಪುಸ್ತಕಗಳು. ಮಕ್ಕಳೆಲ್ಲ ಹೋಗಿ, ಬೇರೆ ಟೀಚರುಗಳೂ ಹೋಗಿ, ಕಾವಲಿನವನು ಒಂದು ಕಡೆಯ ಗೇಟು ಎಳೆದ ಮೇಲೂ ನಿಂತಿರುತ್ತಿದ್ದರು. ಎಷ್ಟೋ ಹೊತ್ತಿನ ಮೇಲೆ ಸ್ಕೂಟರು ಬರುತ್ತಿತ್ತು. “ಲೇಟಾಯ್ತಾ?” ಎಂದು ಅವನು ನಗುತ್ತಾ ಕೇಳುತ್ತಿದ್ದ. ಮಿಸ್ ಇಲ್ಲ ಎಂದು ತಲೆಯಾಡಿಸಿ ಹಿಂದೆ ಹತ್ತುತ್ತಿದ್ದರು.

ಇದು ಮುಂಚೆಯೂ ನಡೆಯುತ್ತಿದ್ದಿರಬೇಕು. ಕಡ್ಡಿ ನೋಡಿರಲಿಲ್ಲ, ಅಷ್ಟೆ. ಈಗ ದಿನವೂ ಕಣ್ಣಿಗೆ ಬೀಳುತ್ತಿತ್ತು. ನೋಡಿದಾಗೆಲ್ಲ ಅದೇ ಹಳೆಯ ಸಿಟ್ಟು ಏಳುತ್ತಿತ್ತು. ಆದರೆ ಅದು ಮೊದಲಿನ ಹಾಗೆ ಮಿಸ್ಸಿನ ಕಡೆಗೆ ಹರಿಯುತ್ತಿರಲಿಲ್ಲ. ದಾರಿ ತಪ್ಪಿದ ಹಾಗೆ ಅತ್ತ ಇತ್ತ ಸುತ್ತುತ್ತಿತ್ತು. ಬೀದಿಯಲ್ಲಿ ಯಾರಾದರೂ ಬೆರಳಿನಲ್ಲಿ ಕೀ ತಿರುಗಿಸುವುದು ಕಂಡರೂ ಅವಳಿಗೆ ಸಿಟ್ಟು ಬರುತ್ತಿತ್ತು. ಅಷ್ಟು ದೊಡ್ಡ ಮಿಸ್ಸು. ಅವರ ಒಂದು ನೋಟಕ್ಕೆ ಇಡೀ ಕ್ಲಾಸು ಮೌನವಾಗುತ್ತದೆ. ಅಂಥವರು ಮನೆಗೆ ಹೋಗಲು ಯಾರೋ ಬರುವವರೆಗೂ ಕಾಯಬೇಕೇ? ದೊಡ್ಡವರಾದ ಮೇಲೂ ಯಾಕೆ ಅಪ್ಪಣೆ ಕೇಳಬೇಕು, ಯಾರನ್ನು ಕೇಳಬೇಕು?

ಒಂದು ರಾತ್ರಿ ಊಟ ಮಾಡುವಾಗ ಅಮ್ಮನ ಬಳಿ ಮಿಸ್ಸಿನ ವಿಷಯವಾಗಿ ಏನೋ ಕೇಳಿದಳು. ಅಮ್ಮ ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಇಟ್ಟು ಅವಳನ್ನು ನೋಡಿದಳು.

“ಆಗಲಿ,” ಎಂದಳು. “ಆದ್ರೆ ಬನ್ನಿ ಅನ್ನಬೇಡ. ಬೈಕು ಇದೆ ಅಂತ ಹೇಳು, ಸಾಕು.”

ಮಾರನೆಯ ದಿನ ಎಲ್ಲರೂ ಹೊರಗೆ ಹೋಗುವವರೆಗೆ ಕಾದು ಕಡ್ಡಿ ಮಿಸ್ಸಿನ ಮೇಜಿನ ಬಳಿ ನಿಂತಳು. ಮಿಸ್ ಪುಸ್ತಕ ತಿದ್ದುತ್ತಿದ್ದರು.

“ಮಿಸ್, ಬೆಳಿಗ್ಗೆ ಬೆಳಿಗ್ಗೆ ಬಯಲಲ್ಲಿ ಯಾರೂ ಇರಲ್ಲ. ಸ್ಕೂಲಿಗೆ ಮುಂಚೆ. ಅಮ್ಮ ಬ್ರೆಡ್ಡಿಗೆ ಹೋಗೋ ಮುಂಚೆ ಬೈಕು ಅಲ್ಲೇ ಇರುತ್ತೆ.”

ಕೆಂಪು ಪೆನ್ನು ನಿಂತಿತು. ಮಿಸ್ ತಲೆಯೆತ್ತಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಪೆನ್ನು ಮತ್ತೆ ಓಡತೊಡಗಿತು.

ಹೊರಗೆ ರೇಡಿಯೋ ಕಾಯುತ್ತಿದ್ದಳು. “ಏನೇ? ಮಿಸ್ಸಿನ ಹತ್ತಿರ ಏನು ಗುಸುಗುಸು?”

“ಏನಿಲ್ಲ. ಭಾಗಾಕಾರ,” ಎಂದಳು ಕಡ್ಡಿ.

ಒಂದಷ್ಟು ಬೆಳಗು ಯಾರೂ ಬರಲಿಲ್ಲ. ಅಮ್ಮ ಬೈಕನ್ನು ತಂದು ನಿಲ್ಲಿಸುತ್ತಿದ್ದಳು. ಕಡ್ಡಿ ಕಲ್ಲಿನ ಮೇಲೆ ಕೂತು ಆಕಳಿಸುತ್ತಿದ್ದಳು. ಆಮೇಲೆ ಇಬ್ಬರೂ ಮನೆಗೆ ಹೋಗುತ್ತಿದ್ದರು.

ಅವತ್ತು ಮಂಜು ಕವಿದಿತ್ತು. ಕಾರ್ಖಾನೆಯ ಗೋಡೆಯ ಪಕ್ಕದಿಂದ ಯಾರೋ ನಡೆದುಬರುವುದು ಕಂಡಿತು. ಹೆಗಲಲ್ಲಿ ಶಾಲೆಯ ಚೀಲ, ಕಾಲಿಗೆ ಚಪ್ಪಲಿಯ ಬದಲು ಶೂ. ಮನೆಯಲ್ಲಿ ಏನು ಹೇಳಿ ಬಂದರೋ! ಆ ಪ್ರಶ್ನೆ ಕಡ್ಡಿಯ ಬಾಯಿಯವರೆಗೆ ಬಂದಿತು. ಅವಳು ಅದನ್ನು ನುಂಗಿಕೊಂಡು, ಚೀಲಕ್ಕೆ ಕೈಯೊಡ್ಡಿದಳು. ಮಿಸ್ ಚೀಲ ಕೊಟ್ಟರು.

ಅಮ್ಮ ನಮಸ್ಕಾರ ಗಿಮಸ್ಕಾರ ಎಂದು ಹೊತ್ತು ಕಳೆಯಲಿಲ್ಲ. “ಹತ್ತಿ,” ಎಂದಳು. “ಕ್ಲಚ್ ಪೂರ್ತಿ ಹಿಡೀರಿ. ಈಗ ನಿಧಾನ.”

ಬೈಕು ಹೊರಟಿತು. ಸ್ವಲ್ಪ ದೂರ ಹೋಯಿತು. ಇನ್ನೂ ಸ್ವಲ್ಪ ದೂರ ಹೋಯಿತು. ಬಯಲಿನ ಆ ತುದಿಯಲ್ಲಿ ತಿರುಗುವಾಗ ಎಂಜಿನ್ನು ಒಮ್ಮೆ ಕೆಮ್ಮಿತು. ಬೈಕು ವಾಲಿತು. ಕಬ್ಬಿಣ ನೆಲಕ್ಕೆ ಬಡಿದ ಸದ್ದು ಮಂಜಿನಲ್ಲಿ ಠಣ್ಣೆಂದು ಕೇಳಿಸಿತು.

ಕಡ್ಡಿ ಎದ್ದು ನಿಂತಳು. ಚಕ್ರ ನೋಡಿದ್ರಿ ಮಿಸ್, ಎಂದು ಕೂಗಲು ಬಾಯಿ ತೆರೆದಿದ್ದಳು. ಓಡಲು ಒಂದು ಕಾಲು ಮುಂದಿಟ್ಟಿದ್ದಳು.

ಅಮ್ಮ ನಿಂತಲ್ಲೇ ನಿಂತಿದ್ದಳು. ಎತ್ತಲು ಹೋಗಲಿಲ್ಲ.

ಅಲ್ಲಿ ಮಿಸ್ ಬೈಕಿನ ಕೆಳಗಿನಿಂದ ಕಾಲು ಎಳೆದುಕೊಂಡು ಎದ್ದರು. ಸುತ್ತ ನೋಡಿದರು. ಯಾರು ನೋಡುತ್ತಿದ್ದಾರೆ ಎಂದು ಹುಡುಕುವ ಹಾಗೆ ನೋಡಿದರು.

ಕಡ್ಡಿ ಬಾಯಿ ಮುಚ್ಚಿದಳು. ಮುಂದಿಟ್ಟ ಕಾಲನ್ನು ಹಿಂದಕ್ಕೆ ತೆಗೆದುಕೊಂಡಳು. ಮಿಸ್ಸಿನ ಚೀಲವನ್ನು ಎದೆಗೆ ಅವುಚಿಕೊಂಡು, ಕಾರ್ಖಾನೆಯ ಗೋಡೆಯ ಕಡೆಗೆ ತಿರುಗಿ ನಿಂತಳು. ಗೋಡೆಯಲ್ಲಿ ನೋಡುವಂಥದ್ದೇನೂ ಇರಲಿಲ್ಲ. ಆದರೂ ಅದನ್ನೇ ನೋಡುತ್ತಾ ನಿಂತಳು, ಬೆನ್ನ ಹಿಂದೆ ಎಂಜಿನ್ನು ಮತ್ತೆ ಶುರುವಾದ ಸದ್ದು ಕೇಳುವವರೆಗೆ.